ಹದಿನೈದು ವರ್ಷದ ಮನೆ, ಐದು ಸಾವಿರ ವರ್ಷದ ರೊಟ್ಟಿ

ಮನೆ ಕಟ್ಟುವುದೆಂದರೆ ನಮ್ಮಲ್ಲಿ ಒಂದು ಜೀವಮಾನದ ಕೆಲಸ. ಗಂಡ ಗಲ್ಫ್‌ನಲ್ಲಿ ದುಡಿದು ಕಳಿಸಿದ ಹಣ, ಹೆಂಡತಿಯ ಕೈಬಳೆ, ನೆಂಟರಿಷ್ಟರಿಂದ ತಂದ ಕೈಸಾಲ ಎಲ್ಲವೂ ಸೇರಿ ಗೋಡೆ ಮೇಲೇಳುತ್ತದೆ. ಮೊಮ್ಮಕ್ಕಳ ಕಾಲಕ್ಕೂ ಅಲುಗಾಡಬಾರದೆಂದು ತಾರಸಿಗೆ ಎರಡು ಸರಳು ಹೆಚ್ಚೇ ಹಾಕಿಸುತ್ತೇವೆ. ಹೊಸ ಮನೆಯ ಊಟಕ್ಕೆ ಬಂದವರು ನೆಲದ ಗ್ರಾನೈಟನ್ನು ಮುಟ್ಟಿ ನೋಡುತ್ತಾರೆ, ಬಾಗಿಲಿನ ಕೆತ್ತನೆಯನ್ನು ಹೊಗಳುತ್ತಾರೆ. ಒಳಗೆ ಒಲೆಯ ಮುಂದೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿರುವವಳ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಮನೆ ಉಳಿಯುವ ವಸ್ತು, ಮನೆಗೆಲಸ ಅಂದಂದಿಗೆ ಮುಗಿದು ಹೋಗುವ ವಸ್ತು ಎಂಬುದು ನಮ್ಮ ಲೆಕ್ಕಾಚಾರ.

ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡುವ ಒಂದು ಚರಿತ್ರೆ ಯುರೋಪಿನ ಆಲ್ಪ್ಸ್ ಪರ್ವತಗಳ ಸುತ್ತಲಿನ ಸರೋವರಗಳಲ್ಲಿ ಸಾವಿರಾರು ವರ್ಷ ಅಡಗಿ ಕುಳಿತಿತ್ತು. ಅಲ್ಲಿ ನೀರಿನ ಅಂಚಿನಲ್ಲಿ ಮರದ ಕಂಬಗಳನ್ನು ನೆಟ್ಟು, ಅವುಗಳ ಮೇಲೆ ಮನೆ ಕಟ್ಟಿಕೊಂಡು ಬಾಳಿದ ಜನರಿದ್ದರು. ಅವರಿಗೆ ಲಿಪಿ ಇರಲಿಲ್ಲ. ಅವರ ರಾಜರ ಹೆಸರಾಗಲಿ, ಯುದ್ಧಗಳ ಕಥೆಯಾಗಲಿ ನಮಗೆ ಸಿಕ್ಕಿಲ್ಲ. ಸಿಕ್ಕಿರುವುದು ಏನು ಗೊತ್ತೇ? ಸುಟ್ಟ ರೊಟ್ಟಿ, ಹೆಣೆದ ಬಟ್ಟೆ, ಒಣಗಿಸಿಟ್ಟ ಸೇಬಿನ ಹೋಳು, ಒಡೆದ ಮಡಕೆಗೆ ಹಚ್ಚಿದ ಅಂಟು!

ನೀರು ಇಳಿದ ಚಳಿಗಾಲ

1853-54ರ ಚಳಿಗಾಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರು ಹಿಂದೆಂದೂ ಕಾಣದಷ್ಟು ಕೆಳಗಿಳಿದಿತ್ತು. ದಡದಲ್ಲಿರುವ ಓಬರ್‌ಮೈಲೆನ್ ಎಂಬ ಊರಿನ ಜನ ಇದೇ ಸಮಯವೆಂದು ಬರಿದಾದ ಅಂಚಿಗೆ ಕಲ್ಲಿನ ಗೋಡೆ ಕಟ್ಟಿ, ಸರೋವರದ ಕೆಸರನ್ನೇ ತೋಡಿ ತುಂಬಿ, ತಮ್ಮ ಜಮೀನನ್ನು ಒಂದಿಷ್ಟು ವಿಸ್ತರಿಸಿಕೊಳ್ಳಲು ಹೊರಟರು. ಅಗೆದಲ್ಲೆಲ್ಲ ಸಾಲು ಸಾಲಾಗಿ ಮರದ ಗೂಟಗಳು! ಅವುಗಳ ನಡುವೆ ಜಿಂಕೆಯ ಕೊಂಬು, ಕಲ್ಲಿನ ಕೊಡಲಿ, ಮಡಕೆಯ ಚೂರುಗಳು.

ಕೂಲಿಯಾಳುಗಳು ಇವನ್ನು ಕಸವೆಂದು ಬದಿಗೆ ಎಸೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಊರಿನ ಶಾಲೆಯಲ್ಲಿ ಯೋಹಾನೆಸ್ ಎಪ್ಲಿ ಎಂಬ ಒಬ್ಬ ಮೇಷ್ಟ್ರಿದ್ದರು. ಇದು ಸಾಮಾನ್ಯ ಸಂಗತಿಯಲ್ಲ ಎಂದು ಅವರಿಗೆ ಅನಿಸಿತು. ಅವರು ಜ್ಯೂರಿಕ್ ನಗರದ ಪ್ರಾಚ್ಯವಸ್ತು ಸಂಘಕ್ಕೆ ವಿಷಯ ತಿಳಿಸಿದರು. ಆ ಸಂಘದ ಅಧ್ಯಕ್ಷ ಫರ್ಡಿನಾಂಡ್ ಕೆಲ್ಲರ್ ಬಂದು ನೋಡಿದರು. ಅದೇ 1854ರಲ್ಲಿ ಕೆಲ್ಲರ್ ತಮ್ಮ ವರದಿಯನ್ನು ಪ್ರಕಟಿಸಿದರು. ಬಹು ಹಿಂದಿನ ಕಾಲದ ಜನರು ಸರೋವರದ ನೀರಿನ ಮೇಲೆಯೇ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಊರನ್ನು ಹೂಡಿದ್ದರು ಎಂಬುದು ಅವರ ತೀರ್ಮಾನ. ಆ ಸುದ್ದಿ ಯುರೋಪಿನಾದ್ಯಂತ ಕೋಲಾಹಲವನ್ನೇ ಎಬ್ಬಿಸಿತು.

ಮುಂದಿನ ವರ್ಷಗಳಲ್ಲಿ ಸರೋವರದಿಂದ ಸರೋವರಕ್ಕೆ ಹುಡುಕಾಟ ಹಬ್ಬಿತು. ಇಂದು ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್, ಇಟಲಿ, ಸ್ಲೊವೇನಿಯಾ ಈ ಆರು ದೇಶಗಳಲ್ಲಿ ಇಂತಹ ಸುಮಾರು 1,000 ನೆಲೆಗಳು ಗೊತ್ತಾಗಿವೆ. ಇವು ಕ್ರಿ.ಪೂ. 5000ದಿಂದ ಕ್ರಿ.ಪೂ. 500ರ ನಡುವಿನವು. ಇವುಗಳಲ್ಲಿ 111 ನೆಲೆಗಳನ್ನು ಯುನೆಸ್ಕೋ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳ ಪೈಕಿ 56 ಸ್ವಿಟ್ಜರ್ಲೆಂಡಿನಲ್ಲಿಯೇ ಇವೆ.

ನೋಡದ ಮನೆಯ ಚಿತ್ರ

ಕೆಲ್ಲರ್ ನೋಡಿದ್ದು ಕೆಸರಿನಲ್ಲಿ ನಿಂತ ಗೂಟಗಳ ಬುಡವನ್ನು ಮಾತ್ರ. ಮೇಲೆ ಮನೆ ಹೇಗಿತ್ತು ಎಂಬುದನ್ನು ಕಂಡವರು ಯಾರೂ ಇರಲಿಲ್ಲ. ಹಾಗಾದರೆ ಅವರು ಚಿತ್ರ ಬರೆಸಿದ್ದು ಹೇಗೆ? ಫ್ರಾನ್ಸಿನ ನಾವಿಕ ಡ್ಯುಮೋಂ ದುರ್ವಿಲ್ ದೂರದ ನ್ಯೂ ಗಿನಿ ದ್ವೀಪದಲ್ಲಿ ಕಂಡ ನೀರಿನ ಮೇಲಿನ ಮನೆಗಳ ಒಂದು ಚಿತ್ರ ಅವರ ಮುಂದಿತ್ತು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು, ಸರೋವರದ ನಡುವೆ ಒಂದೇ ದೊಡ್ಡ ಅಟ್ಟಣಿಗೆಯನ್ನೂ ಅದರ ಮೇಲೆ ಗುಡಿಸಲುಗಳನ್ನೂ ಚಿತ್ರಿಸಲಾಯಿತು.

ಇದಕ್ಕೆ ಬೆಂಬಲವಾಗಿ ಒಂದು ಹಳೆಯ ಸಾಕ್ಷಿಯೂ ಸಿಕ್ಕಿತು. ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಗ್ರೀಸಿನ ಉತ್ತರಕ್ಕಿದ್ದ ಪ್ರಾಸಿಯಾಸ್ ಎಂಬ ಸರೋವರದ ಜನರ ಬಗ್ಗೆ ಬರೆದಿದ್ದಾನೆ. ಅವರು ನೀರಿನ ನಡುವೆ ಎತ್ತರದ ಕಂಬಗಳ ಮೇಲೆ ಹಲಗೆ ಹಾಸಿ ವಾಸಿಸುತ್ತಿದ್ದರಂತೆ. ಗಂಡಸು ಒಂದೊಂದು ಮದುವೆಯಾದಾಗಲೂ ಬೆಟ್ಟದಿಂದ ಮೂರು ಕಂಬ ತಂದು ನೆಡಬೇಕಿತ್ತಂತೆ. ಮನೆಯ ನೆಲದಲ್ಲಿ ಒಂದು ಕಿಂಡಿಬಾಗಿಲು. ಅದನ್ನು ತೆರೆದು ಬುಟ್ಟಿ ಇಳಿಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಮೀನು ತುಂಬಿ ಬರುತ್ತಿತ್ತಂತೆ. ಎಲ್ಲಕ್ಕಿಂತ ಮನಸ್ಸಿಗೆ ತಟ್ಟುವ ವಿಷಯ ಇನ್ನೊಂದಿದೆ. ಪುಟ್ಟ ಮಕ್ಕಳು ಉರುಳಿ ನೀರಿಗೆ ಬೀಳಬಾರದೆಂದು ಅವುಗಳ ಕಾಲಿಗೆ ಹಗ್ಗ ಕಟ್ಟುತ್ತಿದ್ದರಂತೆ. ಅಂಬೆಗಾಲಿಡುವ ಮಗುವನ್ನು ಬಾವಿಕಟ್ಟೆಯ ಬಳಿ ಬಿಟ್ಟು ಕೆಲಸ ಮಾಡಿದ ಯಾವ ತಾಯಿಗೂ ಆ ಹಗ್ಗದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಮೇಲಿನ ಬದುಕು ಬರೀ ಕಟ್ಟುಕಥೆಯಲ್ಲ ಎಂಬುದಕ್ಕೆ ಇಂದಿಗೂ ಸಾಕ್ಷಿಗಳಿವೆ. ಬ್ರೂನೈ ದೇಶದ ರಾಜಧಾನಿಯಲ್ಲಿ ಕಾಂಪೊಂಗ್ ಆಯೆರ್ ಎಂಬ ಜಲಗ್ರಾಮವಿದೆ. 1521ರಲ್ಲಿ ಇಟಲಿಯ ಪ್ರವಾಸಿ ಪಿಗಾಫೆಟ್ಟಾ ಅಲ್ಲಿಗೆ ಹೋದಾಗ ಇಡೀ ನಗರವೇ ನೀರಿನ ಮೇಲೆ ನಿಂತದ್ದನ್ನು ಕಂಡು ಬರೆದಿಟ್ಟಿದ್ದಾನೆ. ಈಗಲೂ ಅಲ್ಲಿ ಕಂಬಗಳ ಮೇಲೆಯೇ ಮನೆ, ಶಾಲೆ, ಮಸೀದಿಗಳಿವೆ. ಬಾಂಗ್ ಕೇಳಿದೊಡನೆ ಜನ ಮರದ ಕಾಲುಸೇತುವೆಗಳ ಮೇಲೆ ನಡೆದು ನಮಾಝಿಗೆ ಹೋಗುತ್ತಾರೆ.

ಆದರೆ ಒಂದು ಕಡೆ ಹಾಗಿದೆ ಎಂದಮಾತ್ರಕ್ಕೆ ಇನ್ನೊಂದು ಕಡೆಯೂ ಹಾಗೆಯೇ ಇತ್ತೆಂದು ಹೇಳಲಾಗದು. ಕೆಲ್ಲರ್ ಅವರ ಚಿತ್ರವಾದರೋ ಊಹೆ ಎಂಬ ಸ್ಥಾನದಿಂದ ಸತ್ಯ ಎಂಬ ಸ್ಥಾನಕ್ಕೆ ಬಹುಬೇಗ ಏರಿಬಿಟ್ಟಿತು. ಕಾರಣ, ಅದು ಎಲ್ಲರಿಗೂ ಬೇಕಾಗಿತ್ತು. 1847ರಲ್ಲಿ ಸ್ವಿಟ್ಜರ್ಲೆಂಡಿನ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಪ್ರಾಂತ್ಯಗಳು ಪರಸ್ಪರ ಯುದ್ಧ ಮಾಡಿದ್ದವು. 1848ರಲ್ಲಿ ಹೊಸ ಒಕ್ಕೂಟ ರಚನೆಯಾಗಿತ್ತು. ಆ ಎಳೆಯ ರಾಷ್ಟ್ರಕ್ಕೆ ಎರಡೂ ಪಂಗಡಗಳು ಒಪ್ಪಬಹುದಾದ ಪೂರ್ವಜರು ಬೇಕಾಗಿದ್ದರು. ಸುತ್ತಲೂ ನೀರು, ನಡುವೆ ನೆಮ್ಮದಿಯಿಂದ ದುಡಿದು ಬಾಳುವ ಜನ! ಇದಕ್ಕಿಂತ ಚೆನ್ನಾದ ಚಿತ್ರ ಯಾವುದಿದೆ? 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಈ ವಸ್ತುಗಳನ್ನು ಹೆಮ್ಮೆಯಿಂದ ಇಡಲಾಯಿತು. ಶಾಲೆಗಳ ಗೋಡೆಯಲ್ಲಿ ಆ ಚಿತ್ರ ತೂಗಿತು. 1873ರಲ್ಲಿ ಪ್ರಸಿದ್ಧ ಕಲಾವಿದ ಆಲ್ಬರ್ಟ್ ಆಂಕರ್, ಮಗುವನ್ನು ಮಡಿಲಲ್ಲಿಟ್ಟುಕೊಂಡು ಸರೋವರದತ್ತ ದೃಷ್ಟಿ ನೆಟ್ಟು ಕುಳಿತ ಒಬ್ಬಳು ತಾಯಿಯನ್ನು ಚಿತ್ರಿಸಿದರು. ಮನಸ್ಸನ್ನು ಕರಗಿಸುವ ಚಿತ್ರವದು. ಆದರೆ ಅಂಥ ತಾಯಿಯನ್ನು ಅವರು ಕಂಡಿರಲಿಲ್ಲ.

ಹೆಮ್ಮೆಯ ಬೆನ್ನಿಗೆ ವ್ಯಾಪಾರ ಬಂತು. ಸ್ವಿಟ್ಜರ್ಲೆಂಡಿನ ಪಶ್ಚಿಮದಲ್ಲಿ ನದಿಗಳ ಪಾತ್ರವನ್ನು ಸರಿಪಡಿಸುವ ದೊಡ್ಡ ಕಾಮಗಾರಿ 1868ರಲ್ಲಿ ಆರಂಭವಾಗಿ, ಅಲ್ಲಿನ ಮೂರು ಸರೋವರಗಳ ಮಟ್ಟ ಎರಡು ಮೀಟರಿಗೂ ಹೆಚ್ಚು ಇಳಿಯಿತು. ಒಣಗಿದ ದಡಗಳಲ್ಲಿ ಜನ ಮುಗಿಬಿದ್ದು ಹೆಕ್ಕತೊಡಗಿದರು. ಸಿಕ್ಕಿದ್ದನ್ನು ಮಾರಿದರು. ಸಿಗದಿದ್ದಾಗ ನಕಲಿ ಮಾಡಿಯೂ ಮಾರಿದರು. ಕೊನೆಗೆ ಬರ್ನ್ ಪ್ರಾಂತ್ಯ 1873ರಲ್ಲಿ ಇದರ ವಿರುದ್ಧ ಕಾನೂನನ್ನೇ ಮಾಡಬೇಕಾಯಿತು.

ಹೆಮ್ಮೆಯ ಇನ್ನೊಂದು ಮುಖ ಇದಕ್ಕಿಂತಲೂ ಕಹಿಯಾದುದು. ಜರ್ಮನಿಯ ಕಾನ್‌ಸ್ಟನ್ಸ್ ಸರೋವರದ ದಡದಲ್ಲಿರುವ ಉಂಟರ್‌ಊಲ್ಡಿಂಗೆನ್‌ನಲ್ಲಿ 1922ರಲ್ಲಿ ಇಂತಹ ಮನೆಗಳ ಮಾದರಿಗಳನ್ನು ಕಟ್ಟಿ ಬಯಲು ವಸ್ತುಸಂಗ್ರಹಾಲಯ ತೆರೆಯಲಾಯಿತು. 1930ರ ದಶಕದಲ್ಲಿ ನಾಜಿಗಳು ಅದನ್ನು ತಮ್ಮ ಜನಾಂಗದ ಶ್ರೇಷ್ಠತೆಯ ಪ್ರಚಾರಕ್ಕೆ ಬಳಸಿಕೊಂಡರು. ರೊಟ್ಟಿ ಸುಟ್ಟು, ನೂಲು ತೆಗೆದು, ಮೀನು ಹಿಡಿದು ಬಾಳಿದ ಜನರನ್ನು ಇನ್ನೊಬ್ಬರನ್ನು ತುಳಿಯುವವರ ಪೂರ್ವಜರಾಗಿ ನಿಲ್ಲಿಸಲಾಯಿತು. ಇತಿಹಾಸವನ್ನು ಪಾಠಕ್ಕಾಗಿ ಓದದೆ ಜಂಬಕ್ಕಾಗಿ ಓದಿದರೆ ಎಲ್ಲ ದೇಶಗಳಲ್ಲೂ ಆಗುವುದು ಇದೇ.

ಯಾರಾದರೂ ಸುದ್ದಿ ತಂದರೆ ಅದನ್ನು ಮೊದಲು ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನ್ ನಮಗೆ ಕಲಿಸುತ್ತದೆ. ನಮಗೆ ಇಷ್ಟವಿಲ್ಲದ ಸುದ್ದಿಯನ್ನು ಪರಿಶೀಲಿಸುವುದು ಸುಲಭ. ಮನಸ್ಸಿಗೆ ಹಿತವಾದ ಸುದ್ದಿಯನ್ನು ಪರಿಶೀಲಿಸುವುದೇ ಕಷ್ಟ.

ಮುಳುಗಿ ನೋಡಿದವರು

ಕೆಲ್ಲರ್ ಅವರ ಚಿತ್ರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಬಿರುಕು ಬಿತ್ತು. ಮನೆಗಳಿದ್ದುದು ನೀರಿನ ಮೇಲಲ್ಲ, ದಡದ ಮೇಲೆ, ಆಮೇಲೆ ನೀರು ಏರಿ ಅವುಗಳನ್ನು ಮುಳುಗಿಸಿತು ಎಂದು ಕೆಲವು ವಿದ್ವಾಂಸರು ವಾದಿಸಿದರು. ಜರ್ಮನಿಯ ಆಸ್ಕರ್ ಪಾರೆಟ್ 1940ರ ದಶಕದಲ್ಲಿ, ನೀರಿನ ಮೇಲಿನ ಊರು ಎಂಬುದೇ ಒಂದು ಭ್ರಮೆ ಎಂದುಬಿಟ್ಟರು. ಮೊದಲಿನವರು ಎಲ್ಲವೂ ನೀರಿನ ಮೇಲೆ ಎಂದಿದ್ದರು, ಈಗಿನವರು ಯಾವುದೂ ನೀರಿನ ಮೇಲಲ್ಲ ಎಂದರು.

ಜಗಳವನ್ನು ತೀರಿಸಿದ್ದು ತಾಳ್ಮೆಯ ಕೆಲಸ. 1960ರ ದಶಕದಿಂದ ಜ್ಯೂರಿಕ್‌ನ ಉಲ್ರಿಕ್ ರುವೋಫ್ ಮೊದಲಾದವರು ಮುಳುಗುಡುಗೆ ತೊಟ್ಟು ನೀರಿನ ತಳಕ್ಕೇ ಇಳಿದು ಪದರ ಪದರವಾಗಿ ಕೆಸರನ್ನು ಪರೀಕ್ಷಿಸತೊಡಗಿದರು. ಇಟಲಿಯ ಫಿಯಾವೆ ಎಂಬಲ್ಲಿ 1969ರಿಂದ ರೆನಾಟೊ ಪೆರಿನಿ ಉತ್ಖನನ ನಡೆಸಿದರು. ಅಲ್ಲಿ ಒಂದೇ ಸರೋವರದಲ್ಲಿ ಬೇರೆ ಬೇರೆ ಕಾಲದ ಊರುಗಳು ಸಿಕ್ಕಿದವು. ಒಂದು ಕಾಲದಲ್ಲಿ ದಡದ ಒದ್ದೆ ನೆಲದ ಮೇಲೆ ಕಟ್ಟಿದ್ದರು, ಮತ್ತೊಂದು ಕಾಲದಲ್ಲಿ ನಿಜವಾಗಿಯೂ ನೀರಿನೊಳಗೆ ಉದ್ದನೆಯ ಕಂಬಗಳನ್ನು ನೆಟ್ಟು ಕಟ್ಟಿದ್ದರು. ಅಂದರೆ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು.

ಬಹುಪಾಲು ಮನೆಗಳು ಇದ್ದುದು ಸರೋವರದ ಅಂಚಿನಲ್ಲಿ. ಹಿಮ ಕರಗಿ ನೀರು ಏರಿದಾಗ ಕೆಳಗೆಲ್ಲ ನೀರು, ಇಳಿದಾಗ ಕೆಸರು. ಹಾಗಾಗಿ ಮನೆಯ ನೆಲವನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟುತ್ತಿದ್ದರು. ಊರಿಗೆಲ್ಲ ಒಂದೇ ಅಟ್ಟಣಿಗೆ ಎಂಬುದು ಸುಳ್ಳಾಯಿತು. ಪ್ರತಿಯೊಂದು ಮನೆಗೂ ಅದರದೇ ಕಂಬಗಳು, ಅದರದೇ ನೆಲ.

ಹೀಗೆ ಕೆಸರಿನಲ್ಲಿ ಯಾಕೆ ಕಟ್ಟಬೇಕಿತ್ತು? ಆ ಕಾಲದಲ್ಲಿ ಸುತ್ತಲೂ ದಟ್ಟ ಕಾಡಿತ್ತು. ಕಷ್ಟಪಟ್ಟು ಕಡಿದು ಮಾಡಿದ ಹೊಲದ ಭೂಮಿ ಬೆಳೆಗೆ ಬೇಕಾಗಿತ್ತು. ದಡದ ಸುಣ್ಣದಂಶದ ಮೆತ್ತನೆಯ ಕೆಸರಿನಲ್ಲಿ ಚೂಪಾದ ಕಂಬವನ್ನು ಹಿಂದೆ ಮುಂದೆ ತಿರುಗಿಸುತ್ತ ಕೈಯಿಂದಲೇ ಇಳಿಸಬಹುದಿತ್ತು. ಬಾಗಿಲಿನ ಮುಂದೆಯೇ ಮೀನು ಮತ್ತು ನೀರು. ಒಂದೇ ಮರವನ್ನು ಕೊರೆದು ಮಾಡಿದ ದೋಣಿ ಅವರ ಎತ್ತಿನ ಗಾಡಿ. ಶತ್ರುಗಳಿಗೂ ಕಾಡುಮೃಗಗಳಿಗೂ ಒಂದು ಕಡೆಯ ದಾರಿ ಮುಚ್ಚಿಯೇ ಇರುತ್ತಿತ್ತು.

ಹುಡುಕಾಟ ಇನ್ನೂ ಮುಗಿದಿಲ್ಲ. ಆಲ್ಪ್ಸ್‌ನಿಂದ ಆಗ್ನೇಯಕ್ಕೆ, ಅಲ್ಬೇನಿಯಾದ ಓಹ್ರಿಡ್ ಸರೋವರದ ಲಿನ್ ಎಂಬಲ್ಲಿ ಸಿಕ್ಕಿದ ಇಂಥದೇ ಊರು ಕ್ರಿ.ಪೂ. 6000ದಿಂದ 5800ರ ನಡುವಿನದು ಎಂದು 2023ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಯುರೋಪಿನಲ್ಲಿ ಈವರೆಗೆ ಗೊತ್ತಾದ ಅತ್ಯಂತ ಹಳೆಯ ಸರೋವರ ಗ್ರಾಮಗಳಲ್ಲಿ ಅದೂ ಒಂದು.

ಮರ ಬರೆದಿಟ್ಟ ದಿನಚರಿ

ಲಿಪಿಯಿಲ್ಲದ ಜನರ ವರ್ಷಗಳನ್ನು ಇಷ್ಟು ಖಚಿತವಾಗಿ ಹೇಳುವುದು ಹೇಗೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಮರದ ಒಳಗಿದೆ. ಚಳಿದೇಶದ ಮರ ವರ್ಷಕ್ಕೊಂದು ಉಂಗುರದಂತೆ ದಪ್ಪವಾಗುತ್ತದೆ. ಒಳ್ಳೆಯ ವರ್ಷದಲ್ಲಿ ಅಗಲ ಉಂಗುರ, ಬರಗಾಲದಲ್ಲಿ ಕಿರಿದಾದ ಉಂಗುರ. ಒಂದೇ ಪ್ರದೇಶದ ಮರಗಳಲ್ಲಿ ಈ ಅಗಲ ಕಿರಿದುಗಳ ಸಾಲು ಒಂದೇ ಬಗೆಯಾಗಿರುತ್ತದೆ. ಇಂದಿನ ಮರದಿಂದ ಆರಂಭಿಸಿ, ಹಳೆಯ ತೊಲೆ, ಅದಕ್ಕಿಂತ ಹಳೆಯ ತೊಲೆ ಹೀಗೆ ಒಂದಕ್ಕೊಂದು ಹೊಂದಿಸುತ್ತ ಹೋಗಿ ವಿಜ್ಞಾನಿಗಳು ಸಾವಿರಾರು ವರ್ಷಗಳ ಪಂಚಾಂಗವನ್ನೇ ಸಿದ್ಧಪಡಿಸಿದ್ದಾರೆ. ಕಂಬದ ತೊಗಟೆ ಉಳಿದಿದ್ದರೆ ಮರವನ್ನು ಕಡಿದ ವರ್ಷವನ್ನು, ಕೆಲವೊಮ್ಮೆ ಋತುವನ್ನೂ ಹೇಳಬಹುದು.

ಸ್ವಿಟ್ಜರ್ಲೆಂಡಿನ ಆರ್ಬೋನ್ ಎಂಬಲ್ಲಿ 1990ರ ದಶಕದಲ್ಲಿ ಅಗೆದ ಒಂದು ಊರನ್ನು ನೋಡಿ. ಅಲ್ಲಿ ಮೊದಲ ಮನೆಗೆ ಮರ ಕಡಿದದ್ದು ಕ್ರಿ.ಪೂ. 3384ರಲ್ಲಿ. ಮುಂದಿನ ವರ್ಷಗಳಲ್ಲಿ ಒಂದೊಂದೇ ಮನೆ ಎದ್ದು, ಉತ್ಖನನದಲ್ಲಿ ಒಟ್ಟು 27 ಮನೆಗಳ ಗುರುತು ಸಿಕ್ಕಿತು. ಒಂದೊಂದು ಮನೆಯೂ ಸುಮಾರು 8 ಮೀಟರ್ ಉದ್ದ, 4 ಮೀಟರ್ ಅಗಲ. ಕ್ರಿ.ಪೂ. 3370ರಲ್ಲಿ ಇಡೀ ಊರು ಬೆಂಕಿಗೆ ಆಹುತಿಯಾಯಿತು. ಮೊದಲ ಕಂಬದಿಂದ ಕೊನೆಯ ಬೂದಿಯವರೆಗೆ ಕೇವಲ ಹದಿನೈದು ವರ್ಷ! ಮೊದಲ ಮನೆಯಲ್ಲಿ ಹುಟ್ಟಿದ ಮಗುವಿಗೆ ಆಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಕ್ಕಿಲ್ಲ.

ಇದು ಆರ್ಬೋನಿನ ದುರದೃಷ್ಟ ಮಾತ್ರವಲ್ಲ. ಜರ್ಮನಿಯ ಹೋರ್ನ್‌ಸ್ಟಾಡ್ ಎಂಬ ಊರು ಕ್ರಿ.ಪೂ. 3910ರ ಸುಮಾರಿಗೆ, ಕಟ್ಟಿದ ಕೆಲವೇ ವರ್ಷಗಳಲ್ಲಿ, ಕೂಡಿಟ್ಟ ತೆನೆಗಳ ಸಮೇತ ಸುಟ್ಟುಹೋಯಿತು. ಬೆಂಕಿ ಬೀಳದಿದ್ದರೂ ನೀರಿನಂಚಿನ ಕಂಬಗಳು ಬೇಗನೆ ಕೊಳೆಯುತ್ತಿದ್ದವು. ಮನೆಯೆಂದರೆ ಮತ್ತೆ ಮತ್ತೆ ಕಟ್ಟಬೇಕಾದದ್ದು ಎಂಬುದು ಅವರಿಗೆ ತಿಳಿದಿತ್ತು.

ಅಡುಗೆಮನೆಯ ಸಾಕ್ಷಿ

ಮನೆಗಳು ಹೀಗೆ ಹೋದವು. ಆದರೆ ಮನೆಯೊಳಗಿನ ಕೆಲಸ ಉಳಿಯಿತು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಲ್ಲಿಸಿ ಗಾಳಿ ತಾಗದಂತೆ ಭರಣಿ ಮುಚ್ಚಿಡುತ್ತೇವಲ್ಲ, ಹಾಗೆಯೇ ನೀರು ಮತ್ತು ಕೆಸರು ಸೇರಿ ಗಾಳಿಯನ್ನು ತಡೆದವು. ಗಾಳಿಯಿಲ್ಲದೆಡೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಕೆಲಸವಿಲ್ಲ. ಒಣ ನೆಲದಲ್ಲಿ ಕಲ್ಲು ಮತ್ತು ಮಡಕೆ ಮಾತ್ರ ಉಳಿಯುತ್ತದೆ. ಇಲ್ಲಿ ದಾರವೂ ಉಳಿಯಿತು.

ಜ್ಯೂರಿಕ್ ಬಳಿಯ ರೋಬೆನ್‌ಹೌಸೆನ್ ಎಂಬ ಜೌಗು ನೆಲದಲ್ಲಿ 1858ರಿಂದ ದಶಕಗಳ ಕಾಲ ಅಗೆದವರು ಯಾಕೋಬ್ ಮೆಸಿಕೋಮರ್ ಎಂಬ ಒಬ್ಬ ರೈತ. ಕೊಡಲಿಗಳ ಜೊತೆಗೆ ಅವರಿಗೆ ಸುಟ್ಟು ಕರಿಕಾದ ಸೇಬಿನ ಹೋಳುಗಳು, ರೊಟ್ಟಿಯ ತುಂಡುಗಳು, ನೇಯ್ದ ಬಟ್ಟೆಗಳು ಸಿಕ್ಕಿದವು. ಕಾಡುಸೇಬನ್ನು ಎರಡು ಹೋಳು ಮಾಡಿ ಒಣಗಿಸಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಹಪ್ಪಳ, ಸಂಡಿಗೆ, ಒಣಮೀನು ಸಿದ್ಧಮಾಡಿ ಡಬ್ಬಿ ತುಂಬಿಸುವ ನಮ್ಮ ಮನೆಗಳ ಅಜ್ಜಿಯರಿಗೆ ಆ ಸೇಬಿನ ಹೋಳಿನ ಭಾಷೆ ಚೆನ್ನಾಗಿಯೇ ಅರ್ಥವಾದೀತು.

ಬೀಲ್ ಸರೋವರದ ದಡದ ಟ್ವಾನ್ ಎಂಬಲ್ಲಿ ಒಂದು ಇಡೀ ರೊಟ್ಟಿಯೇ ಸಿಕ್ಕಿದೆ. ಹುಳಿ ಹಿಟ್ಟಿನಿಂದ ಮಾಡಿದ, ದುಂಡಗಿನ, ಸುಮಾರು 5,500 ವರ್ಷ ಹಳೆಯದಾದ ರೊಟ್ಟಿ ಅದು. ಕರಿಕಾದದ್ದರಿಂದಲೇ ಅದು ಉಳಿಯಿತು. ರೊಟ್ಟಿ ಸೀದುಹೋದರೆ ನಮ್ಮ ಮನೆಗಳಲ್ಲಿ ಬೈಗುಳ ಕೇಳಬೇಕಾಗುತ್ತದೆ. ಈ ಸೀದ ರೊಟ್ಟಿ ಗಾಜಿನ ಪೆಟ್ಟಿಗೆಯೊಳಗೆ ಇಡುವ ವಸ್ತುವಾಗಿದೆ!

ಅವರು ಬೆಳೆಯುತ್ತಿದ್ದ ಧಾನ್ಯಗಳಲ್ಲಿ ಬಾರ್ಲಿಯ ಜೊತೆಗೆ ಎಮರ್ ಎಂಬ ಗೋಧಿಯೂ ಮುಖ್ಯವಾದುದು. ಇದು ನಮಗೆ ಅಪರಿಚಿತವಲ್ಲ. ಉತ್ತರ ಕರ್ನಾಟಕದಲ್ಲಿ ಜವೆಗೋಧಿ ಎಂದೂ ಖಪ್ಲಿ ಎಂದೂ ಕರೆಯುವ, ಸಿಪ್ಪೆ ಬಿಡಿಸಲು ಕುಟ್ಟಬೇಕಾದ, ಹುಗ್ಗಿಗೆ ಹೆಸರಾದ ಗೋಧಿ ಇದೇ ಜಾತಿಯದು. ಕುಟ್ಟುವ ಕೈಗಳ ನೋವೂ ಎರಡೂ ಕಡೆ ಒಂದೇ ಆಗಿದ್ದಿರಬೇಕು.

ನಾವು ಚಟ್ನಿಪುಡಿಗೆ ಹುರಿಯುವ ಅಗಸೆಯ ಗಿಡವನ್ನು ಅವರು ಬಟ್ಟೆಗಾಗಿಯೂ ಬೆಳೆದರು. ಅಗಸೆಯ ಕಡ್ಡಿಯನ್ನು ನೀರಿನಲ್ಲಿ ಕೊಳೆಹಾಕಿ, ಬಡಿದು, ಬಾಚಿ, ನಾರು ತೆಗೆದು, ಮಣ್ಣಿನ ಬಿಲ್ಲೆ ಸಿಕ್ಕಿಸಿದ ಕದಿರಿನಿಂದ ನೂಲುತ್ತಿದ್ದರು. ಮಗ್ಗದಲ್ಲಿ ಹಾಸಿನ ದಾರಗಳನ್ನು ಜಗ್ಗಿ ಹಿಡಿಯಲು ಕಟ್ಟುತ್ತಿದ್ದ ಮಣ್ಣಿನ ಗುಂಡುಗಳು ಅನೇಕ ಕಡೆ ಸಿಕ್ಕಿವೆ. ಮೀನಿನ ಬಲೆ, ಬುಟ್ಟಿ, ಹಗ್ಗ ಸಹ ದೊರೆತಿವೆ. ಬರ್ಚ್ ಮರದ ತೊಗಟೆಯನ್ನು ಕಾಯಿಸಿ ತೆಗೆದ ಕಪ್ಪು ಅಂಟಿನಿಂದ ಒಡೆದ ಮಡಕೆಯನ್ನು ಕೂಡಿಸುತ್ತಿದ್ದರು. ಹೋರ್ನ್‌ಸ್ಟಾಡ್‌ನಲ್ಲಿ ಸಿಕ್ಕಿದ ಅಂಥ ಅಂಟಿನ ಉಂಡೆಗಳ ಮೇಲೆ ಹಲ್ಲಿನ ಗುರುತುಗಳಿವೆ. ಯಾರೋ ಅದನ್ನು ಬಾಯಲ್ಲಿ ಹಾಕಿ ಜಗಿದಿದ್ದಾರೆ.

ಇವರ ಬದುಕು ಚಿತ್ರದಲ್ಲಿದ್ದಂತೆ ಸುಖದ ಸುಪ್ಪತ್ತಿಗೆಯೇನೂ ಆಗಿರಲಿಲ್ಲ. ಆರ್ಬೋನಿನ ಕೆಸರಿನಲ್ಲಿ ಸಿಕ್ಕಿದ ಮಲದ ಅವಶೇಷಗಳಲ್ಲಿ ಮೀನಿನಿಂದ ಬರುವ ಲಾಡಿಹುಳುವಿನ ಮೊಟ್ಟೆಗಳಿವೆ. ಸರಿಯಾಗಿ ಬೇಯದ ಮೀನು ತಿಂದದ್ದರ ಫಲವದು. ತಂಪು ಮಳೆ ಹೆಚ್ಚಾಗಿ ಬೆಳೆ ಕೈಕೊಟ್ಟ ಕಾಲಗಳಲ್ಲಿ ಜಿಂಕೆಯ ಮೂಳೆಗಳ ಸಂಖ್ಯೆ ಏರುತ್ತದೆ. ಅಂದರೆ ಹೊಲ ಬರಿದಾದಾಗ ಕಾಡಿಗೆ ಹೋಗಿ ಹೊಟ್ಟೆ ತುಂಬಿಸಿದ್ದಾರೆ.

ಜ್ಯೂರಿಕ್ ನಗರದ ಒಪೆರಾ ಭವನದ ಬಳಿ ನೆಲದಡಿಯ ಕಾರು ನಿಲ್ದಾಣ ಕಟ್ಟಲು ಅಗೆಯುವಾಗ 2010ರಲ್ಲಿ ಒಂದು ಮರದ ಬಾಗಿಲು ಸಿಕ್ಕಿತು. ಅದು ಕ್ರಿ.ಪೂ. 3063ರ ಸುಮಾರಿನದು. ಎತ್ತರ 153 ಸೆಂಟಿಮೀಟರ್, ಅಗಲ 88. ದೊಡ್ಡವರು ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಹಲಗೆಗಳನ್ನು ಒಂದಕ್ಕೊಂದು ಬಿಗಿದ ಜಾಣ್ಮೆಯನ್ನು ಕಂಡು ಇಂದಿನ ಬಡಗಿಗಳೂ ತಲೆದೂಗುತ್ತಾರೆ. ಸರೋವರದ ಚಳಿಗಾಳಿಯಿಂದ ಒಳಗೆ ಮಲಗಿದ್ದ ಮಕ್ಕಳನ್ನು ಕಾಯ್ದ ಬಾಗಿಲದು. ಸ್ಲೊವೇನಿಯಾದ ಲುಬ್ಲಿಯಾನ ಜೌಗಿನಲ್ಲಿ 2002ರಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಮರದ ಗಾಲಿ ಅಚ್ಚಿನ ಸಮೇತ ಸಿಕ್ಕಿದ್ದು ಜಗತ್ತಿನಲ್ಲೆಲ್ಲ ಸುದ್ದಿಯಾಯಿತು. ಗಾಲಿಗೆ ಸಿಗುವ ಮರ್ಯಾದೆ ಬಾಗಿಲಿಗೂ ರೊಟ್ಟಿಗೂ ಸಿಗಬೇಕೆಂದು ನನ್ನ ಮನಸ್ಸು ಹೇಳುತ್ತದೆ.

ಯಾರ ಕೈ?

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹಳೆಯ ಶಾಲಾ ಚಿತ್ರಗಳಲ್ಲಿ ಗಂಡಸು ಕೊಡಲಿ ಹಿಡಿದು ನಿಂತಿರುತ್ತಾನೆ, ಹೆಂಗಸು ಒಲೆಯ ಮುಂದೆ ಕುಳಿತಿರುತ್ತಾಳೆ. ಆದರೆ ಕೆಸರು ಇದನ್ನು ಹೇಳಿಲ್ಲ. ದಾರ ಯಾರು ನೂತರೆಂದು ದಾರದ ಮೇಲೆ ಬರೆದಿಲ್ಲ. ಚಿತ್ರಕಾರರು ತಮ್ಮ ಕಾಲದ ಮನೆಯನ್ನೇ ಆ ಕಾಲಕ್ಕೆ ಕೊಂಡೊಯ್ದು ಇಟ್ಟರು. ಕಂಬ ನೆಡುವಲ್ಲಿ ಹೆಂಗಸರ ಹೆಗಲೂ, ರೊಟ್ಟಿ ತಟ್ಟುವಲ್ಲಿ ಗಂಡಸರ ಕೈಯೂ ಇದ್ದಿರಬಹುದು.

ಹಾಗಾದರೆ ಇದು ಸ್ತ್ರೀಯರ ಕಥೆಯೇ ಎಂದು ಕೇಳಿದರೆ, ಇದು ಮನೆಗೆಲಸದ ಕಥೆ ಎನ್ನುತ್ತೇನೆ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಕೋಟೆ ಕಟ್ಟಿಸಿದವರ ಹೆಸರಿರುತ್ತದೆ, ಆ ಕೋಟೆಯೊಳಗೆ ದಿನಕ್ಕೆ ಎರಡು ಹೊತ್ತು ಬೇಯಿಸಿ ಬಡಿಸಿದವರ ಹೆಸರಿರುವುದಿಲ್ಲ. ಸರೋವರದ ತಳದಲ್ಲಿ ಮಾತ್ರ ಇದು ಉಲ್ಟಾ ಆಗಿದೆ. ಅಲ್ಲಿ ನಾಯಕನ ಹೆಸರು ಅಳಿದಿದೆ, ನಾದಿದ ಹಿಟ್ಟು ಉಳಿದಿದೆ. ದಿನವೂ ಮಾಡಿ ದಿನವೂ ಮುಗಿಯುವ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲಸವೇ ಒಂದು ಜನಾಂಗದ ಚರಿತ್ರೆಯಾಗಿ ನಿಂತಿದೆ.

ಪ್ರವಾದಿ ಮುಹಮ್ಮದ್(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಅವರು ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮನೆಗೆಲಸ ಕೀಳೆಂದು ತಿಳಿದ ಯಾವ ಗಂಡಸಿಗೂ ಈ ಒಂದು ಹದೀಸ್ ಸಾಕು.

ಇಂದಿನ ಅಪಾಯ

ಕ್ರಿ.ಪೂ. 800ರ ಸುಮಾರಿಗೆ ಹವೆ ಹೆಚ್ಚು ತಂಪಾಗಿ, ನೀರಿನ ಮಟ್ಟ ಏರಿ, ಬಹುತೇಕ ಸರೋವರಗಳ ದಡದ ಊರುಗಳು ಖಾಲಿಯಾದವು. ಜನ ಎತ್ತರದ ನೆಲಕ್ಕೆ ಸರಿದರು. ಅಲ್ಲಿಂದ ಇಲ್ಲಿಯವರೆಗೆ ನೀರು ಕಾವಲು ನಿಂತಿತ್ತು. ಇಂದು ಆ ಕಾವಲು ಸಡಿಲವಾಗುತ್ತಿದೆ. ಹಡಗುಗಳ ಅಲೆ ತಳದ ಕೆಸರನ್ನು ಕೊಚ್ಚುತ್ತದೆ. ಜೌಗು ನೆಲದ ನೀರು ಬಸಿದು ಹೊಲ ಮಾಡಿದಲ್ಲಿ ಗಾಳಿ ಒಳಹೊಕ್ಕು ಮರ ಪುಡಿಯಾಗುತ್ತದೆ. ಐದು ಸಾವಿರ ವರ್ಷ ಉಳಿದದ್ದು ಕೆಲವೇ ವರ್ಷಗಳಲ್ಲಿ ಹೋಗಿಬಿಡುತ್ತದೆ. ಅದಕ್ಕಾಗಿಯೇ ಅಲ್ಲಿನವರು ಹಲವು ನೆಲೆಗಳನ್ನು ಅಗೆಯುವುದಿಲ್ಲ. ಮೇಲೆ ಗಟ್ಟಿ ಬಟ್ಟೆ ಹಾಸಿ, ಜಲ್ಲಿ ಹರಡಿ, ನೀರಿನಡಿಯಲ್ಲೇ ಮುಚ್ಚಿಡುತ್ತಾರೆ. ಮುಂದೆ ನಮಗಿಂತ ಚೆನ್ನಾಗಿ ಓದಬಲ್ಲವರು ಬರುತ್ತಾರೆ, ಅವರಿಗೂ ಒಂದಿಷ್ಟು ಉಳಿಯಲಿ ಎಂಬ ವಿವೇಕವದು.

ಇದನ್ನು ಓದಿದಾಗ ನನಗೆ ಮದೀನಾದ ಒಂದು ಘಟನೆ ನೆನಪಾಗುತ್ತದೆ. ಪ್ರವಾದಿ ಪತ್ನಿಯರ ಕೋಣೆಗಳು ಮಸೀದಿಗೆ ತಾಗಿಕೊಂಡೇ ಇದ್ದವು. ಹಸಿ ಇಟ್ಟಿಗೆ, ಖರ್ಜೂರದ ಗರಿ, ಮಣ್ಣಿನ ಮೆತ್ತುಗೆಯ ಪುಟ್ಟ ಕೋಣೆಗಳವು. ಹುಡುಗನಾಗಿದ್ದಾಗ ಅವುಗಳ ಮಾಡನ್ನು ಕೈಯಿಂದ ಮುಟ್ಟುತ್ತಿದ್ದೆನೆಂದು ಹಸನ್ ಬಸರಿ(ರಹ್) ನೆನಪಿಸಿಕೊಂಡಿದ್ದಾರೆ. ಹಿಜರಿ 88ರ ಸುಮಾರಿಗೆ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್‌ರ ಆದೇಶದಂತೆ ಮಸೀದಿಯನ್ನು ವಿಸ್ತರಿಸಲು ಆ ಕೋಣೆಗಳನ್ನು ಕೆಡವಲಾಯಿತು. ಅಂದು ಮದೀನಾದ ಜನ ಅತ್ತರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಮಹಾ ವಿದ್ವಾಂಸ ಸಈದ್ ಬಿನ್ ಮುಸಯ್ಯಬ್(ರಹ್) ಅವರಂತೂ, ಆ ಕೋಣೆಗಳನ್ನು ಹಾಗೆಯೇ ಬಿಟ್ಟಿದ್ದರೆ ಮುಂದಿನ ಪೀಳಿಗೆಯವರು ಅಲ್ಲಾಹನ ಸಂದೇಶವಾಹಕರು ಎಷ್ಟರಲ್ಲಿ ತೃಪ್ತಿಪಟ್ಟು ಬದುಕಿದರೆಂದು ನೋಡುತ್ತಿದ್ದರು, ಸಂಪತ್ತನ್ನು ಪೇರಿಸುವ ಪೈಪೋಟಿಯಿಂದ ಹಿಂದೆ ಸರಿಯುತ್ತಿದ್ದರು ಎಂದು ಹಂಬಲಿಸಿದರಂತೆ.

ಸಹೋದರಿಯರೇ, ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿಯನ್ನು ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಮನೆಗಳನ್ನು ನಮಗೆ ನೆಮ್ಮದಿಯ ತಾಣವಾಗಿ ಮಾಡಿದವನು ಅಲ್ಲಾಹನೆಂದೂ ಅದು ನೆನಪಿಸುತ್ತದೆ. ನೆಮ್ಮದಿ ಎಂದು ಹೇಳಿದೆ, ಚದರಡಿ ಎಂದಲ್ಲ. ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟು ಮಲಗುವ ಮನೆ ಗ್ರಾನೈಟಿನದಾದರೂ ಏನು ಬಂತು? ಹದಿನೈದೇ ವರ್ಷ ಬಾಳಿದ ಆ ಮರದ ಮನೆಗಳಲ್ಲಿ ಯಾರೋ ಮಕ್ಕಳಿಗಾಗಿ ಸೇಬು ಒಣಗಿಸಿಟ್ಟರು, ಒಡೆದ ಮಡಕೆಯನ್ನು ಎಸೆಯದೆ ಅಂಟಿಸಿದರು. ಮನೆ ಹೋಯಿತು, ಆ ಕಾಳಜಿ ಇಂದಿಗೂ ಕಣ್ಣಿಗೆ ಕಾಣುವಂತೆ ಉಳಿದಿದೆ.

ಮುಂದಿನ ಸಲ ಹೊಸ ಮನೆಯ ಊಟಕ್ಕೆ ಹೋದಾಗ ನೆಲವನ್ನು ಹೊಗಳುವ ಮೊದಲು ಒಳಗೆ ಹೋಗಿ, ಅಡುಗೆ ಮಾಡಿದವರನ್ನು ಒಂದು ಮಾತು ವಿಚಾರಿಸೋಣ. ರೊಟ್ಟಿ ಚೆನ್ನಾಗಿದೆ ಎಂದು ಹೇಳೋಣ. ಸೀದಿದ್ದರೂ ಸರಿ.